ಕಮಾನಿಲ್ಲದ ಹಾಸು

ಜತ್ತ
ತಾ. ೯-೧೧-೧೯೫೪

ಭಾಗವ್ವಗ,

ಮಗ್ಗ ಹೇರಾಕ ಬಂದ ಚಕ್ಕಡಿಯಾಂವ ಮತ್ತ ಅದರ ತೊಲಿ ನನ್ನ ಕಾಲ ಮ್ಯಾಲ ಕೆಡವಿದ ನೋಡ. ಮುಂಜಾನಿಂದ ಇದ ಹಣೇಬರಾ. ಊರ ಬಿಟ್ಟ ಈ ಜತ್ತಿಗಿ ಯಾಕರೆ ಬಂದ್ನೋ. ಕಾಗದ ತಡಾ ಆತು, ಸಿಟ್ಟಾಗಬ್ಯಾಡ. ನಾ ಹೇಳಾಕತ್ತೀನಿ, ಬಾಜೂ ಖೋಲಿ ಸೋಮನಿಂಗಪ್ಪ ಬರ್ಯಾಕತ್ತಾನ. "ಲೇ, ಸಾವಕಾಶ ಹೇಳೋ, ನನ್ನ ಕೈಯೇನ ಕುದ್ರಿ ಏನು?" ಅಂತಾನ. ಅದನ್ನೂ ಬರಿ ಅಂದೀನಿ.

ನಿನ್ನೆ ನಿನ್ನ ತಮ್ಮ ವಿಠೋಬಾ ಬಂದು ಎಲ್ಲಾ ಹೇಳಿದ. ನಮ್ಮ ಕೂಸಿನ ಮಾತ ಕಡೀಕ ಆಡ್ತೀನಿ. ಮೊದಲ ಮಗ್ಗದ ಸುದ್ದಿ.

ನನಗ ನೇಯೂದ ಕಲಿಸಿದ ಉಸ್ತಾದರು ಮಗ್ಗ ಮುಚ್ಚಿ ಮಿರಜಿಗಿ ಹೊಂಟಾರ. ಸಂಸ್ಥಾನ ಹೋದಮ್ಯಾಲ ನಮಾಜಿನ ಹಾಸು ನೇಯಿಸಾವ್ರ ಯಾರು? ಹಾಸು ಮುಗದ ಕೂಡ್ಲೆ ಬರ್ತೀನಿ ಅಂದಿದ್ನೆಲ್ಲ, ಅದ ಅರ್ಧಾಕ್ಕ ನಿಂತತು. ಅದನ್ನ ಕಾಲಕಡಿಂದ ನೇಕೋತ ಹೋಗತಾರ. ಮೊದಲ ಎರಡ ಕಂಬ, ನಡುವ ಬರೇ ಕೆಂಪ ಬೈಲು, ಕಟ್ಟಕಡೀಕ ತಲಿಕಡಿ ಕಮಾನು, ಅದರಾಗ ಒಂದ ತೂಗದೀಪ. ಕಮಾನ ಅಂದ್ರ ಬಾಗಿಲಂತ. ಅದನ್ನ ಮಕ್ಕಾದ ಕಡಿ ಮಾಡಿ ಹಾಸಿದ್ರ ಅಡವ್ಯಾಗೂ ಅದ ಮಸೂತಿ. ನಮ್ಮಪ್ಪ ಕುರಿ ಹಟ್ಟ್ಯಾಗ ಕಂಬಳಿ ಹಾಸಿ ಬೀರಪ್ಪನ್ನ ಕುಂದರಸತಿದ್ದ ನೋಡ, ಹಂಗ.

ಅಂಚಿನಾಗ ದಾರದ್ಲೆ ಒಂದ ಕುರಿಮರಿ ಕಟ್ಟಲ್ರಿ ಅಂತ ಉಸ್ತಾದರಿಗಿ ಹಿಂದೊಮ್ಮೆ ಕೇಳಿದ್ದೆ. "ಕುರುಬಾ, ನಿನ್ನ ಕುರಿ ಹೊರಗ ಕಟ್ಟು! ನಮಾಜಿನ ಹಾಸಿನಾಗ ಜೀವದ ಚಿತ್ರ ಬ್ಯಾಡ" ಅಂತ ನಕ್ಕಿದ್ರು. ಮೊನ್ನೆ ಅರ್ಧಾ ನೇದ ಹಾಸು ಮಗ್ಗದಿಂದ ಕತ್ತರಿಸಿ ನನ್ನ ಹೆಗಲಿಗಿ ಹಾಕಿದ್ರು. "ಇದಕ್ಕ ಕಮಾನ ಬರಲಿಲ್ಲ ಬೇಟಾ. ಯಾರೂ ಇದಕ್ಕ ಹಣಿ ಹಚ್ಚೂದಿಲ್ಲ. ನಿನ್ನ ಕೂಸಿನ ತೊಟ್ಟಲಕ್ಕ ಹಾಸು. ಈಗ ಬೇಕಾದ್ರ ಕುರಿಮರಿ ಮಾಡ್ಕೊ" ಅಂದ್ರು.

ಸೂಜಿಲೆ ಹೊಲದೆ. ಕಪ್ಪ ಮೈ, ಬಿಳೀ ಕಿವಿ. ಒಂದ ಕಿವಿ ಮುಗದಿತ್ತು, ವಿಠೋಬಾ ಬಂದ.

ಹೊತ್ತಿಗಿ ಸರಿ ಉಣ್ಣು. ನಿಮ್ಮವ್ವಗ ನನ್ನ ಶರಣ ಹೇಳು. ಬೀರಪ್ಪ ನಿನ್ನ ಕೈ ಬಿಡದಿರ್ಲಿ, ನನ್ನ ಬಿಟ್ರೂ.

ನಿನ್ನ
ಬೀರದೇವ

ತಾ.ಕ.: "ಹೆಣ್ಣಿತ್ರಿ ಮಾವಾ. ಒಂದ ರಾತ್ರಿ ಉಸರಾಡಿತು. ಮಣ್ಣ ಮಾಡಿದ್ವಿ" ಅಂದ ವಿಠೋಬಾ. ಯಾವ ಅರಿವ್ಯಾಗ ಸುತ್ತಿದ್ರಿ ಅಂತ ನಾ ಕೇಳಲಿಲ್ಲ. ಹೋಗೂ ಮುಂದ ಹೊಸ್ತಲದಾಗ ನಿಂತು ಹೇಳಿದ, "ಕೂಸಿದ್ದಾಗ ಬರಲಿಲ್ಲ, ಇನ್ನ ಯಾತಕ್ಕ ಬರ್ತಾರ ಅಂದಾಳ್ರಿ ಅಕ್ಕ." ಅದನ್ನ ಬರಿಯೂ ಮುಂದ ಸೋಮನಿಂಗಪ್ಪ ಪೆನ್ನ ಕೆಳಗಿಟ್ಟ. ಬರಿ ಅಂದೆ.

ಹಾಸು ಮಡಚಿ ಇಟ್ಟೀನಿ, ಎಲ್ಲಿಗಿ ಒಯ್ಯಲಿ ತಿಳಿವಲ್ದು. ನೀ ವಿಜಾಪುರದ ದೊಡ್ಡ ಪೋಸ್ಟಿಗಿ ಹೋಗು, ನಾ ಇಲ್ಲಿಂದ ಟ್ರಂಕಾಲ ಹಚ್ಚತೀನಿ. ಮಾತಾಡದಿದ್ರೂ ಆತು, ಫೋನ ಹಿಡಕೊಂಡ ನಿಲ್ಲು. ಮುಂದಿನ ಗುರುವಾರ, ಮಧ್ಯಾಹ್ನ ಹನ್ನೆರಡಕ್ಕ.