ವಾಟಲ್ ಹೂವಿನ ಮೇಲೆ ಕರಿ ಸ್ಪಂಜು

ಆಗಸ್ಟ್ 5, ಮಂಗಳವಾರ

ಲ್ಯಾಬಿನ ಕುಲುಮೆ ತೆರೆದೆ. ಮತ್ತೆ ಬಿರುಕು. ಬಿಸ್ಕತ್ತು ಮುರಿದ ಹಾಗೆ ಎರಡು ಹೋಳು. ಎಲ್ಲ ನಮ್ಮ ಪ್ರೊಫೆಸರ್ ಫರ್ಗಸ್‌ನ ಕೃಪೆ.

ಸ್ಪಂಜನ್ನು ರಾಳದಲ್ಲಿ ಅದ್ದಿ, ಒಣಗಿಸಿ, ಗಾಳಿ ಸೋಕದಂತೆ ನೈಟ್ರೋಜನ್ ಹರಿಸುತ್ತ ಸುಡಬೇಕು. ನಿಧಾನವಾಗಿ. ಪಾಲಿಮರ್ ಒಳಗಿನ ಅನಿಲವೆಲ್ಲ ಹೊರಬೀಳಲು ಹೊತ್ತು ಬೇಕು. ಉಳಿಯುವುದು ಬರೀ ಕಾರ್ಬನ್, ಮೈತುಂಬ ತೂತು. ಇಷ್ಟು ತಿಳಿಯಲು ಪ್ರೊಫೆಸರ್ ಆಗಬೇಕಿಲ್ಲ. ಆದವನಿಗೆ ತಿಳಿಯುವುದಿಲ್ಲ ಅನ್ನುವುದು ಬೇರೆ ಮಾತು.

"ಪೈ ಬೇಯಿಸ್ತಿದೀಯೋ, ಕಾರ್ಬನ್ ಮಾಡ್ತಿದೀಯೋ ಕೆರ್ರಿ? ಉರಿ ಏರ್ಸು," ಅಂದವನೇ ಅವನು. ಒಡೆದ ಮೇಲೆ, "ನಿನ್ ರಾಳಾನೇ ಸರಿಯಿಲ್ಲ." ಕುಣಿಯಲಾರದವನಿಗೆ ನೆಲ ಡೊಂಕು.

ಸೆಪ್ಟೆಂಬರ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಈ ತಿಂಗಳ ಹದಿನೆಂಟಕ್ಕೆ, ಹಣ ಕೊಡಬೇಕಾದ ಮೆಲ್ಬರ್ನ್ ಕಂಪನಿಯವರು ಒಂದು ತುಂಡನ್ನು ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಭಾರ ತಡೆದರೆ ನಾನು ಇನ್ನೆರಡು ವರ್ಷ ಇಲ್ಲಿರುತ್ತೇನೆ. ತಡೆಯದಿದ್ದರೆ ಮನೆಗೆ.

ಆಗಸ್ಟ್ 8, ಶುಕ್ರವಾರ

ಫರ್ಗಸ್ ಬ್ರಿಸ್ಬೇನ್‌ಗೆ ಹೋದ, ಭಾಷಣ ಬಿಗಿಯಲು. ಪೀಡೆ ತೊಲಗಿತು. ಇನ್ನು ಉರಿ ನನ್ನ ಲೆಕ್ಕದಲ್ಲಿ.

ಎದುರು ಮೇಜಿನ ಲಾನ್, ಡಾಕ್ಟರೇಟ್ ಮಾಡುತ್ತಿರುವವಳು, ಯಾವುದೋ ಪತ್ರಿಕೆಯ ಚಿತ್ರ ತೋರಿಸಿದಳು. ಹೂವಿನ ಮೇಲೆ ಕರಿ ತುಂಡು.

"ನೋಡೇ, ಹೂವು ಬಗ್ಗೇ ಇಲ್ಲ."

"ನೊಣ ಕೂತ್ರೂ ಬಗ್ಗಲ್ಲ. ನೊಣದ ಮೇಲೆ ಯಾರಾದ್ರೂ ಪೇಪರ್ ಬರೀತಾರಾ?"

"ನಿಂಗೆ ಹೊಟ್ಟೆಕಿಚ್ಚು ಕಣೇ."

"ಆ ಕಿಚ್ಚಲ್ಲೇ ಸುಟ್ಟಿದ್ರೆ ಕುಲುಮೆಗೆ ಕರೆಂಟಾದ್ರೂ ಉಳೀತಿತ್ತು."

ಈ ಕಸುಬಿನ ಚಟ ಇದು. ಹಗುರವಾದದ್ದು ಏನು ಮಾಡಿದರೂ ಹೂವಿನ ಮೇಲೆ ಕೂರಿಸಿ ಕ್ಲಿಕ್. ಎಷ್ಟು ಭಾರ ತಡೆಯುತ್ತದೆ ಅಂತ ಕೇಳಿ — ಆಮೇಲೆ ಹೇಳುತ್ತಾರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಆಗಸ್ಟ್ 14, ಗುರುವಾರ, ಬೆಳಿಗ್ಗೆ

ಬಂತು. ಇಡಿಯಾಗಿ ಬಂತು. ಎಲ್ಲೂ ಬಿರುಕಿಲ್ಲ, ಅಂಚು ಸೊಟ್ಟಗಾಗಿಲ್ಲ. ಸೋಪಿನಷ್ಟು ಗಾತ್ರ. ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ತುಂಬ ಸಂತೋಷವಾಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ. ಲಾನ್ ಮಾತ್ರ ಮುಖ ನೋಡಿಯೇ ಎದ್ದು ಹೋಗಿ ಎರಡು ಕಾಫಿ ತಂದಳು.

ಆಗಸ್ಟ್ 15, ಶುಕ್ರವಾರ, ಸಂಜೆ

ಬರೆದುಬಿಡುತ್ತೇನೆ.

ಮಧ್ಯಾಹ್ನ ಫರ್ಗಸ್ ವಾಪಸ್ಸು. ಜೊತೆಗೆ ಪ್ರಚಾರ ವಿಭಾಗದ ಟ್ಯಾಮ್ಸಿನ್, ಕ್ಯಾಮೆರಾ ಸಮೇತ. ಗೇಟಿನ ಹತ್ತಿರ ವಾಟಲ್ ಮರ ಹೂಬಿಟ್ಟಿದೆ, ಹಳದಿ ಮೇಲೆ ಕಪ್ಪು ಚೆನ್ನಾಗಿ ಕಾಣುತ್ತದೆ ಅಂತ.

"ಹೊರಗೆ ಗಾಳಿಯಿದೆ. ಕೊಂಬೆ ಮುರ್ಕೊಂಡು ಒಳಗೇ ತನ್ನಿ," ಅಂದೆ.

"ಒಳಗೆ ಬೆಳಕೆಲ್ಲಿದೆ? ಒಂದೇ ನಿಮಿಷ ಕಣಮ್ಮಾ," ಅಂದ ಫರ್ಗಸ್.

ಈ ಜೀಲಾಂಗ್‌ನಲ್ಲೇ ಹುಟ್ಟಿ ಬೆಳೆದ ಮನುಷ್ಯ. ಆಗಸ್ಟ್‌ನಲ್ಲಿ ಕೊಲ್ಲಿ ಕಡೆಯಿಂದ ಎಂಥ ಗಾಳಿ ಬರುತ್ತದೆಂದು ಅವನಿಗೆ ನಾನು ಹೇಳಬೇಕೇ? ಕೋತಿ ಕೈಗೆ ಮಾಣಿಕ್ಯ. ಆದರೂ ಹೋದೆ, ಗಾಳಿಗೆ ಅಡ್ಡ ನಿಂತೆ, ತುಂಡಿನ ಸುತ್ತ ಕೈ ಮರೆ ಹಿಡಿದೆ. ದೀಪಕ್ಕೆ ಹಿಡಿಯುವ ಹಾಗೆ.

ಟ್ಯಾಮ್ಸಿನ್ ಅಂದಳು, "ಮಾಡಿದವರು ನೀವೇ ತಾನೇ? ನೀವೂ ಇರಿ ಫೋಟೋದಲ್ಲಿ. ಸ್ವಲ್ಪ ಆ ಕೈ ತೆಗೀರಿ, ಮುಖ ಮುಚ್ತಿದೆ."

ತೆಗೆದೆ. ಕೂದಲು ಬೇರೆ ಸರಿಮಾಡಿಕೊಂಡೆ.

ಕ್ಲಿಕ್ ಆಯಿತು. ಗಾಳಿ ಬಂತು. ತುಂಡು ಎದ್ದು ಬೇಲಿ ದಾಟಿ ರಸ್ತೆಗೆ ಬಿತ್ತು, ಎರಡು ಸಲ ಪುಟಿಯಿತು. ಫುಟ್‌ಬಾಲ್ ಆಟಕ್ಕೆ ಹೊರಟ ಯಾವನದೋ ಪಿಕಪ್, ಕಿಟಕಿಯಲ್ಲಿ ನೀಲಿ ಬಿಳಿ ಸ್ಕಾರ್ಫ್ ಹಾರಾಡುತ್ತ — ಅದರ ಮೇಲೇ ಹತ್ತಿಸಿಕೊಂಡು ಹೋದ. ಡಾಂಬರಿನ ಮೇಲೆ ಕರಿ ಪುಡಿ ಒಂದು ಗೆರೆ. ಅದೂ ಹಾರಿತು.

ಸೋಮವಾರ ಒತ್ತಿ ನೋಡಬೇಕಿತ್ತು. ಇವತ್ತೇ ಒತ್ತಿ ನೋಡಿದ್ದಾಯಿತು.

ಫರ್ಗಸ್ ಮೊದಲು ಕೇಳಿದ್ದು ಟ್ಯಾಮ್ಸಿನ್‌ಳನ್ನು. "ಫೋಟೋ ಬಂತಾ?"

ಆಗಸ್ಟ್ 18, ಸೋಮವಾರ

ಕಂಪನಿಯ ಮನುಷ್ಯ ಫೋನಿನಲ್ಲಿ ಸಭ್ಯವಾಗಿಯೇ ಕೇಳಿದ. "ಫರ್ಗಸ್ ಕಳ್ಸಿದ ಫೋಟೋ ಬಹಳ ಚೆನ್ನಾಗಿದೆ. ಆದ್ರೆ ಯಂತ್ರದಲ್ಲಿ ಫೋಟೋ ಇಟ್ಟು ಒತ್ತಲಾ?" ಈ ಜನರಲ್ಲಿ ಒಬ್ಬನಿಗಾದರೂ ತಲೆಯಿದೆ. ಅವನೂ ನನ್ನ ಎದುರು ಪಕ್ಷ.

ತಿಂಗಳ ಕೊನೆಯವರೆಗೆ ಸಮಯ ಕೊಟ್ಟ.

ಆಗಸ್ಟ್ 29, ಶುಕ್ರವಾರ

ಒಡೆಯಿತು. ಅದೇ ರಾಳ, ಅದೇ ಉರಿ, ನನ್ನದೇ ಕೈ. ಈ ಸಲ ಬೈಯಲು ಫರ್ಗಸ್ ಕೂಡ ಊರಲ್ಲಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಕಂಪನಿಯ ಹಣ ಅಡಿಲೇಡ್‌ನವರಿಗೆ ಹೋಯಿತು. ಫರ್ಗಸ್ ಬಾಗಿಲಲ್ಲೇ ನಿಂತು ಹೇಳಿದ, "ನನ್ ಕೈಲಿ ಏನಿದೆ ಹೇಳು ಕೆರ್ರಿ." ಏನೂ ಇಲ್ಲ. ಯಾವತ್ತೂ ಇರಲಿಲ್ಲ.

ಬ್ಯಾಲರಟ್‌ನಲ್ಲಿ ಒಂದು ಕೆಲಸ ಖಾಲಿಯಿದೆ. ಮಾಡಿದ ಕೆಲಸಕ್ಕೆ ಪುರಾವೆ ಕೇಳಿದ್ದಾರೆ. ಪುರಾವೆ ಎಲ್ಲಿಂದ ತರಲಿ? ತುಂಡಿಲ್ಲ, ಅಂಕಿಯಿಲ್ಲ. ಆಮೇಲೆ ಎದ್ದು ಲಾನ್‌ಳ ಮೇಜಿಗೆ ಹೋದೆ.

"ಆ ಫೋಟೋ ನಿನ್ ಹತ್ರ ಇದ್ರೆ ಕಳ್ಸೇ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗಬಹುದಿತ್ತು. "ಚೆನ್ನಾಗಿ ಬಂದಿದೀಯ ಕಣೇ," ಅಂದಳು, ಕಳಿಸಿದಳು.

ಅರ್ಜಿಗೆ ಲಗತ್ತಿಸಿದೆ. ಕೆಳಗೆ ಎರಡು ಸಾಲಿನ ವಿವರ ಬೇಕಂತೆ. ಬರೆದೆ: ನೋಡಿ, ಹೂವು ಒಂದಿಷ್ಟೂ ಬಗ್ಗಿಲ್ಲ.