ಕೆಂಪು ಉಗುರಿನ ಕೋಳಿಗಳು

ಚೆಟ್ಟಳ್ಳಿ
೯ ಫೆಬ್ರವರಿ ೨೦೨೫

ಪ್ರೀತಿಯ ಮೋನಿ,

ಜೋಧಪುರದಲ್ಲಿ ನೀನೂ ಪ್ರಜ್ಞೇಶನೂ ಮಗು ದಿಗಂತನೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೈಯಬೇಡ. ಕಾಫಿ ಪಿಕಿಂಗ್ ಮುಗಿಯುವವರೆಗೆ ಪೆನ್ನು ಹಿಡಿಯಲು ಬಿಡುವಿರಲಿಲ್ಲ. ಫೋನಿನಲ್ಲಾದರೆ ನೀನು "ಎಲ್ಲ ಸರಿ ಉಟ್ಟು ಅವ್ವ" ಅಂತ ಹೇಳಿ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ಮೊದಲು ನನ್ನ ಕೋಳಿಗಳ ಸುದ್ದಿ. ದಸರಾ ಕಳೆದು ತಂದ ಮೊಟ್ಟೆಕೋಳಿ ಮರಿಗಳಲ್ಲಿ ಅರ್ಧಕ್ಕೆ ಹ್ಯಾಚರಿಯಲ್ಲೇ, ಹುಟ್ಟಿದ ದಿನವೇ, ಯಾವುದೋ ಬೆಳಕಿನ ಮೆಷಿನ್ನಿನಲ್ಲಿ ಕೊಕ್ಕಿನ ತುದಿ ಸುಟ್ಟಿದ್ದರು. ಉಳಿದರ್ಧಕ್ಕೆ ಕೋಳಿ ಫಾರಂನ ಸಾಂತಪ್ಪ ಮನೆಗೇ ಬಂದು ಬಿಸಿ ಬ್ಲೇಡಿನಲ್ಲಿ ಕತ್ತರಿಸಿದ. ಹಾಗೇ ಬಿಟ್ಟರೆ ದೊಡ್ಡವಾದ ಮೇಲೆ ಒಂದನ್ನೊಂದು ರಕ್ತ ಬರುವಂತೆ ಕುಕ್ಕುತ್ತವೆ, ನಿನಗೇ ಗೊತ್ತು. ಯಾವ ರೀತಿಯವು ಚೆನ್ನಾಗಿ ಬೆಳೆಯುತ್ತವೆ, ನೋಡಿಯೇ ಬಿಡೋಣ ಅನ್ನಿಸಿತು. ಗುರುತಿಗೆಂದು ನೀನು ಬಿಟ್ಟುಹೋದ ಕೆಂಪು ನೇಲ್ ಪಾಲಿಶನ್ನು ಬ್ಲೇಡಿನ ಮರಿಗಳ ಉಗುರಿಗೆ ಹಚ್ಚಿದೆ. ಮಾಸಿದಾಗಲೆಲ್ಲ ಹಚ್ಚಿ ಹಚ್ಚಿ ಬಾಟಲಿ ಖಾಲಿ. ಹೊಸದು ಕೊಡಿಸುತ್ತೇನೆ.

ಮೆಷಿನ್ನಿನ ಮರಿಗಳ ಕೊಕ್ಕಿನ ತುದಿ ಬೆಳ್ಳಗಾಗಿ, ಮೆಲ್ಲಗೆ ತಾನಾಗಿಯೇ ಉದುರಿತು. ತಿನ್ನುವುದೇನೂ ನಿಲ್ಲಲಿಲ್ಲ. ಕೆಂಪು ಉಗುರಿನವು ಮಾತ್ರ ಫೀಡಿನ ಮುಂದೆ ಬಂದು, ಒಮ್ಮೆ ಕುಕ್ಕಿ, ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಗಾಯದ ಕೊಕ್ಕು ತಟ್ಟೆಯ ತಳಕ್ಕೆ ತಾಗದಿರಲಿ ಎಂದು ಫೀಡನ್ನು ದಪ್ಪಗೆ ಸುರಿದೆ. ಆದರೂ ತೂಕದಲ್ಲಿ ಹಿಂದೆ ಬಿದ್ದವು. ವಾರವಾರವೂ ತೂಗುತ್ತಿದ್ದೆ. ನಿನ್ನ ಅಪ್ಪ, "ಬೇರೆ ಕೆಲ್ಸ ಇಲ್ಲೆನಾ ನಿಂಗೆ? ಕೋಳಿಗಳಿಗೇ ನಾಚ್ಕೆ ಆಗ್ತುಟ್ಟು" ಅಂತ ಗೇಲಿ ಮಾಡುತ್ತಿದ್ದರು.

ಜನವರಿಯಲ್ಲಿ ದಿಗಂತನ ಸೀಳುತುಟಿಯ ಆಪರೇಷನ್ ಆಯಿತು. ಮಗು ಹಾಲು ಕುಡಿಯುತ್ತಿಲ್ಲ, ತೂಕ ಇಳಿದಿದೆ, ಇವನು ಬೇರೆ ಮಕ್ಕಳ ಹಾಗೆ ಬೆಳೆಯುತ್ತಾನಾ ಅಂತ ಅವತ್ತೊಂದು ದಿನ ನೀನು ಫೋನಿನಲ್ಲಿ ಅತ್ತುಬಿಟ್ಟೆ. ಮಾರನೆಯ ದಿನದಿಂದ ಕೆಂಪು ಉಗುರಿನವನ್ನು ದಿನಾ ತೂಗತೊಡಗಿದೆ. ಅಪ್ಪ ಗೇಲಿ ನಿಲ್ಲಿಸಿ, ತಾವೇ ಕೋಳಿ ಹಿಡಿದುಕೊಡತೊಡಗಿದರು.

ಈ ವಾರ ಎರಡೂ ಬಗೆಯ ಕೋಳಿಗಳು ಸಮಕ್ಕೆ ಬಂದಿವೆ ಮೋನಿ. ನಂಬಿಕೆಯಾಗದೆ ತಕ್ಕಡಿ ಒರೆಸಿ ಮತ್ತೆ ತೂಗಿದೆ. ಎತ್ತಿ ಕೊಕ್ಕು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ, ತೂಕದಲ್ಲಿ ಗೊತ್ತಾಗುವುದಿಲ್ಲ. ಮೊಮ್ಮಗನನ್ನು ಕೋಳಿಯ ಜೊತೆ ತೂಗಿದಳು ಅಂತ ಸಿಟ್ಟಾಗಬೇಡ. ಡಾಕ್ಟರು ಹೇಳಿದ ಹಾಗೇ ಮಾಡು, ಇದು ನನ್ನ ಸಮಾಧಾನಕ್ಕೆ ಬರೆದದ್ದು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಕಾವೇರಮ್ಮ ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅವ್ವ,
ಸರೋಜ

ತಾ.ಕ.: ಬಾಣಂತನಕ್ಕೆ ಊರಿಗೆ ಬಾ ಎಂದರೆ ಬರಲಿಲ್ಲ, ನಾವೇ ಬರುತ್ತೇವೆಂದರೆ ಈಗ ಬೇಡ ಅಂದೆ. ಕಳಿಸಿದ ಫೋಟೋಗಳಲ್ಲೆಲ್ಲ ದಿಗಂತನ ಬಾಯಿಯ ಮೇಲೆ ಟವೆಲ್ಲಿನ ಅಂಚಿದೆ. ಊರಿನವರಿಗೆ ಬೇಕಾದರೆ ಮುಚ್ಚು, ನಮಗೂ ಯಾಕೆ ಮುಚ್ಚಿದೆ? ಅದನ್ನು ತೆಗೆದು ಒಂದೇ ಒಂದು ಫೋಟೋ ಕಳಿಸು. ನಿನ್ನ ಅಪ್ಪ ದಿನಾ ಫೋನು ತೆರೆದು, ಹೆಬ್ಬೆರಳಿನಿಂದ ಆ ಟವೆಲ್ಲನ್ನು ಕೆಳಗೆ ಸರಿಸಲು ನೋಡುತ್ತಾರೆ.