ಸಿರುಗುಪ್ಪದ ಜರಡಿ

ಕಂಟೋನ್ಮೆಂಟ್, ಬಳ್ಳಾರಿ
೧೭ ನವೆಂಬರ್ ೨೦೨೪

ಪ್ರೀತಿಯ ತಮ್ಮ ಶೇಕ್ಷಾವಲಿ,

ನಿನ್ನ ಬೆನ್ನುನೋವು ಹೇಗಿದೆ? ಮಸ್ಕತ್ತಿನ ಬಿಸಿಲು ಈಗ ಇಳಿದಿರಬೇಕು. ಕುರುಗೋಡಿನಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಹೊಸ ಕನ್ನಡಕ ಬಂದ ಮೇಲೆ ಬೀದಿಯವರ ತಪ್ಪುಗಳೆಲ್ಲ ಅವಳಿಗೆ ಕಾಣತೊಡಗಿವೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ.

ಖರ್ಜೂರದಿಂದ ಕಲ್ಲು ಬೇರ್ಪಡಿಸುವ ನಿನ್ನ ಜರಡಿ ಕಂಪನಿಯದೇ ಎಂದು ಬರೆದುಕೊಡು, ಇಲ್ಲವಾದರೆ ಕೆಲಸ ಬಿಡು ಎಂದು ನಿನ್ನ ಮಾಲೀಕ ಹೇಳಿದ್ದು ತಿಳಿದು ಎರಡು ದಿನ ಎಂದಿನಂತೆ ಕೆಲಸಕ್ಕೆ ಹೋಗಿಬಂದೆ. ಸಿಟ್ಟು ನನಗೆ ತಡವಾಗಿ ಬರುತ್ತದೆ. ಬಂದಾಗ ಬಸ್ ಹತ್ತುತ್ತೇನೆ. ಒಮಾನಿಗೆ ಹೋಗುವ ಮೊದಲೇ ನೀನು ಅದೇ ಬಗೆಯ ಜರಡಿಯನ್ನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮಾಡಿದ್ದಕ್ಕೆ ಸಾಕ್ಷಿ ಬೇಕಿತ್ತಲ್ಲ, ಅಲ್ಲಿಗೇ ಹೋದೆ. ಗಿರಣಿಯ ಮಾಲೀಕ ಕೊಟ್ಟೂರಪ್ಪನವರು ಹಣೆಯ ವಿಭೂತಿ ಕೆಡದಂತೆ ಬೆವರು ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಅಲ್ಲೋ ಗೌಸು, ಇಲ್ಲೂ ಕಬ್ಬಿಣ ನಂದು, ಕರೆಂಟ್ ನಂದು. ನಾ ಯಾವತ್ತರ ಜರಡಿ ನಂದು ಅಂದೀನೇನು?" ಎಂದರು. ಆರು ವರ್ಷದ ಹಿಂದಿನ ಆಯುಧಪೂಜೆಯ ಫೋಟೋವನ್ನು ಗೋಡೆಯಿಂದ ಇಳಿಸಿಕೊಟ್ಟರು: ಚೆಂಡುಹೂವಿನ ಹಾರ ಹಾಕಿಕೊಂಡ ಜರಡಿ, ಪಕ್ಕದಲ್ಲಿ ಹಾರವಿಲ್ಲದ ನೀನು, ಮೂಲೆಯಲ್ಲಿ ತಾರೀಖು. ಗಿರಣಿಯ ಕಾಗದದ ಮೇಲೆ, ಇದನ್ನು ಮಾಡಿದವನು ಶೇಕ್ಷಾವಲಿ ಎಂದು ಬರೆದು ಸೀಲು ಒತ್ತಿದರು. ಜರಡಿ ಇನ್ನೂ ಓಡುತ್ತಿದೆ. ಅದರ ಸದ್ದು ಕೇಳುತ್ತಾ ಚಹಾ ಕುಡಿದೆ. ಬಹಳ ದಿನಗಳ ಮೇಲೆ ಮನಸ್ಸು ತಿಳಿಯಾಗಿತ್ತು.

ರಜೆ ಮುಗಿಸಿ ಇವತ್ತೇ ಮರಳುತ್ತಿರುವ ನಿನ್ನ ರೂಮಿನ ಪ್ರದೀಪನ ಕೈಯಲ್ಲಿ ಎರಡನ್ನೂ ಕಳಿಸುತ್ತಿದ್ದೇನೆ. ಸಹಿ ಹಾಕಬೇಡ. ಕೆಲಸ ಹೋದರೆ ಊರಿದೆ. ಅಮ್ಮನ ದುವಾ, ನಿನ್ನ ಅತ್ತಿಗೆಯ ಸಲಾಮು.

ನಿನ್ನ ಅಣ್ಣ,
ಮಹಮ್ಮದ್ ಗೌಸ್

ತಾ.ಕ.: ಪ್ರದೀಪನ ಆಟೋ ಬಂದು ನಿಂತಿದೆ. ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಗಿರಣಿಯ ಹಿಂದೆ ಕೂಲಿಯ ಗಿಡ್ಡಮ್ಮ ಮೊರದಲ್ಲಿ ನುಚ್ಚು ಕೇರುತ್ತಿದ್ದಳು. ಎರಡು ಸಲ ಮೇಲಕ್ಕೆ, ಒಂದು ಸಲ ಓರೆಯಾಗಿ ತನ್ನ ಕಡೆಗೆ. ಕಲ್ಲು ಬೇರೆಯಾಗಿ ಉಳಿಯುತ್ತದೆ. ನಿನ್ನ ಜರಡಿ ಕುಣಿಯುವುದೂ ಹಾಗೆಯೇ. ನನ್ನ ತಮ್ಮ ಇದನ್ನು ನಿನ್ನಿಂದ ಕಲಿತನೇ ಎಂದು ಕೇಳಿದೆ. "ಹೂನಪಾ, ತಿಂಗಳಗಟ್ಲೆ ನನ್ನ ಮುಂದ ಕುಂತು ಕೈ ನೋಡತಿದ್ದ. ಈಗ ಮಷಿನ್ ನನಗಿಂತ ಚೊಲೋ ಕೇರತೈತಿ. ಅದಕ್ಕ ರಟ್ಟಿ ನೋಯಂಗಿಲ್ಲ ನೋಡು," ಎಂದು ನಕ್ಕಳು. ಕೊಟ್ಟೂರಪ್ಪನವರ ಕಾಗದದಲ್ಲಿ ಅವಳ ಹೆಸರಿಲ್ಲ. ನಿನ್ನ ಬಾಯಲ್ಲೂ ಇಷ್ಟು ವರ್ಷ ಬಂದಿಲ್ಲ. ಮಾಲೀಕನ ಮುಂದೆ ನಿಂತು ಜರಡಿ ನನ್ನದು ಎನ್ನುವಾಗ ಅವಳ ಹೆಸರನ್ನೂ ಹೇಳು. ಹೇಳಲು ಆಗದಿದ್ದರೆ ಅವನ ಕಾಗದಕ್ಕೆ ಸಹಿ ಹಾಕಿಬಿಡು.